ಕಾಲಿನ ನರ ಕೈಗೆ

ದನಕ್ಕೆ ಕಬ್ಬಿನ ಸೋಗೆ ಕೊಯ್ಯುವಾಗ ಕುಡ್ಲು ಜಾರಿ ಎಡಗೈ ಮಣಿಕಟ್ಟು ಆಳಕ್ಕೆ ಕುಯ್ತು. ಅರಿಶಿಣ ಮೆತ್ತಿ ಬಟ್ಟೆ ಸುತ್ತಿದೆ. ಗಾಯ ಮಾಯ್ತು. ಹೆಬ್ಬೆಟ್ಟು, ಅದರ ಪಕ್ಕದ ಎರಡು ಬೆರಳು ಮಾತ್ರ ಸತ್ತಂಗೆ ಉಳಿದವು. ಮುಟ್ಟಿಕೊಂಡರೆ ಬೇರೆಯೋರ ಕೈ ಮುಟ್ಟಿದಂಗೆ.

ಎಷ್ಟು ಸತ್ತಿವೆ ಅಂತ ಗೊತ್ತಾಗಿದ್ದು ಮುದ್ದೆ ಕಟ್ಟುವಾಗ. ಹೊಗೆ ಆಡ್ತಿರುವಾಗಲೇ ಕೈ ಒದ್ದೆ ಮಾಡ್ಕೊಂಡು ಕಟ್ಟಬೇಕು, ಆರಿದರೆ ಬಿರುಕು ಬಿಡ್ತದೆ. ಬಲಗೈ ಸುಟ್ಟಾಗೆಲ್ಲ ಎಡಗೈಗೆ ದಾಟಿಸ್ತಿದ್ದೆ. ಅದು ಸುಮ್ಮನಿತ್ತು. ಉಂಡು ತಟ್ಟೆ ತೊಳೆಯುವಾಗ ನೋಡ್ತೀನಿ, ಆ ಮೂರು ಬೆರಳೂ ಬೊಬ್ಬೆ.

"ಅಲ್ಲ ಕಣಕ್ಕ, ಕೈನೇ ಬೇಯ್ಸ್ಕಂಡಿದ್ದೀಯಲ್ಲ, ಸಾರ್ಗೆ ಆಯ್ತದಾ?" ಅಂದಳು ಪಕ್ಕದ ಮನೆಯೋಳು. ಅವಳೇ ಮಂಡ್ಯದ ಆಸ್ಪತ್ರೆಗೆ ಕರ್ಕೊಂಡು ಹೋದಳು.

ಡಾಕ್ಟರು ಇನ್ನೂ ಚಿಕ್ಕ ಹುಡುಗಿ. "ನರ ತುಂಡಾಗಿದೆ ಅಜ್ಜಿ. ತುದಿಗಳು ದೂರ ಸರ್ಕೊಂಡಿವೆ, ಎಳೆದರೆ ಸೇರಲ್ಲ. ಕಾಲಿಂದ ಒಂದು ತುಂಡು ನರ ತೆಗೆದು ನಡುವೆ ಹೊಲಿತೀವಿ. ಪಾದದ ಅಂಚು ಜೋಮು ಹಿಡಿದಂಗೆ ಇದ್ದುಬಿಡುತ್ತೆ."

"ಪಾದಕ್ಕೇನು ಗೊತ್ತಾಗ್ಬೇಕು? ನಡುದ್ರೆ ಸಾಕು. ತಗಿಯವ್ವ."

ಪಕ್ಕದ ಮನೆಯೋಳು ಮೊಬೈಲಲ್ಲಿ ನೋಡಿದ್ದಳು. "ಅದೇನೋ ಸ್ಟೆಮ್ ಸೆಲ್ಲು ಬುಟ್ಟು ನರ ಬೆಳುಸ್ತಾರಂತಲ್ಲ, ಅದ್ನೇ ಮಾಡಿ."

"ಅದಿನ್ನೂ ಪರೀಕ್ಷೆಯಲ್ಲಿದೆ ಅಮ್ಮ. ಈಗ ನಾನು ನಂಬೋದು ಅಜ್ಜಿ ಕಾಲನ್ನೇ."

ಹೊಲಿದರು. ನರ ತಾನಾಗಿ ಬೆರಳ ತನಕ ಬೆಳ್ಕೊಂಡು ಹೋಗಬೇಕಂತೆ, ಹೋಗದೆಯೂ ಇರಬಹುದಂತೆ. ಬಡಿದ ಕಡೆ ಕರೆಂಟು ಹೊಡೆದಂಗೆ ಜುಮ್ಮಂದರೆ ಅಲ್ಲಿಗೆ ಬಂದಿದೆ ಅಂತ ಲೆಕ್ಕ.

ನನಗೆ ಮಕ್ಕಳಿಲ್ಲ, ಗಂಡ ಹೋದ ಮೇಲೆ ಒಬ್ಬಳೇ. ಪಕ್ಕದ ಮನೆಯೋಳು ಮುದ್ದೆ ತಂದು ಬಾಗಿಲಲ್ಲೇ ಕೊಟ್ಟು ಹೋಗೋಳು. ಇನ್ನೊಬ್ಬರ ಕೈ ಮುದ್ದೆ ನುಂಗೋದು ನನಗೆ ಕಷ್ಟ. ಮಿಕ್ಕ ಹೊತ್ತು ಮಾತಿಗೆ ಆ ಕೈಯೇ. ಮಣಿಕಟ್ಟಿಂದ ಬೆರಳ ಕಡೆಗೆ ಬಡೀತಾ ಹೋಗಿ, "ಎಲ್ಲಿಗ್ ಬಂದೆ, ಬೊಗಳ್ಲಾ" ಅನ್ನೋದು. ಮಳೆಗಾಲ ಮುಗಿದರೂ ಜುಮ್ಮನ್ನೋದು ಅಂಗೈ ನಡುವೆಯೇ ಕೂತಿತ್ತು.

ಹೋದ ವಾರ ಪಕ್ಕದ ಮನೆಯೋಳು ಮದ್ದೂರಿಗೆ ಮಗಳ ಮನೆಗೆ ಹೋದಳು. ನಾನೇ ಎಸರಿಟ್ಟೆ, ಹಿಟ್ಟು ತೊಳಸಿದೆ, ಬಲಗೈಲಿ ಕಟ್ಟಿ ಎಡಗೈಗೆ ದಾಟಿಸಿದೆ. ಹೆಬ್ಬೆಟ್ಟು ಚುರ್ ಅಂತು. ಮುದ್ದೆ ಕೈಜಾರಿ ನೆಲಕ್ಕೆ ಬಿತ್ತು.

"ಸುಟ್ತು ಕಣಮ್ಮೀ, ಸುಟ್ತು!" ಅಂತ ಪಕ್ಕದ ಮನೆ ಬಾಗಿಲಿಗೆ ಓಡಿದೆ. ಬೀಗ.

ಒಳಗೆ ಬಂದೆ. ಮಿಕ್ಕ ಹಿಟ್ಟಲ್ಲಿ ಇನ್ನೊಂದು ಕಟ್ಟಿದೆ. ಅದೂ ಸುಟ್ತು. ಕೂತು ಉಂಡೆ.