ರಾಜಕ್ಕನ ಬೆಳಗಿನ ಪೂಜೆ

ನನ್ನ ವಾರಗಿತ್ತಿ ಬಸವರಾಜೇಶ್ವರಿ, ನಮ್ಮೆಲ್ಲರ ರಾಜಕ್ಕ, ಭಕ್ತೆಯೋ ಕಳ್ಳಿಯೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ಅವಳ ಜೊತೆ ಒಂದೇ ಒಲೆಯ ಮುಂದೆ ಬೆಂದವಳು ನಾನು. ನನಗೇ ಗೊತ್ತಾಗದಿದ್ದರೆ ಬೀದಿಯವರಿಗೆ ಏನು ಗೊತ್ತಾದೀತು?

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮಾವ ಶಿವಯೋಗಪ್ಪನವರದು ಬೆಲ್ಲದ ಮಂಡಿ. ಮಾತಿನಲ್ಲಿ ಮಾತ್ರ ಬೆಲ್ಲ ಇರಲಿಲ್ಲ. ಬೆಳಗಾದರೆ ಕೂಗಾಟ. ಸ್ನಾನದ ನೀರು ಕಾದಿಲ್ಲ, ರೊಟ್ಟಿ ಆರಿಹೋಯಿತು, ಚಟ್ನಿಗೆ ಉಪ್ಪಿಲ್ಲ. ಒಂದೊಂದು ದಿನ ತಟ್ಟೆ ಹಾರಿ ಅಂಗಳಕ್ಕೆ ಬೀಳುತ್ತಿತ್ತು. ಅತ್ತೆ ಶಂಕರಮ್ಮ ಅದನ್ನು ಎತ್ತಿ ತಂದು, ತೊಳೆದು, ಮತ್ತೆ ಬಡಿಸುತ್ತಿದ್ದರು. ಅವರ ದನಿ ಕೇಳಿದ್ದೇ ಅಪರೂಪ.

ರಾಜಕ್ಕ ಈ ಮನೆಯ ಹಿರಿಯ ಸೊಸೆ. ಅವಳ ಗಂಡ ಕಲ್ಲಪ್ಪ ಭಾವ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಓದುತ್ತಿದ್ದವಳನ್ನು ಅರ್ಧಕ್ಕೇ ಬಿಡಿಸಿ ಮದುವೆ ಮಾಡಿದ್ದರಂತೆ. ಪಾಸು ಮಾಡಿ ಶಾಲೆಯಲ್ಲಿ ಮೇಡಂ ಆಗಬೇಕೆಂಬ ಹುಚ್ಚು ಅವಳಿಗೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಪುಸ್ತಕ ಇಟ್ಟುಕೊಂಡು ಬಂದಿದ್ದಳು. ನಾನು ಈ ಮನೆಗೆ ಬಂದ ಹೊಸದರಲ್ಲಿ ಮಾವ ಅದನ್ನು ಕಂಡು, "ಸೊಸೆ ಪಾಠ ಹೇಳಿ ಉಣ್ಣೋ ಗತಿ ನಮ್ಮನೆಗೆ ಬಂದಿಲ್ಲ" ಎಂದು ಅಷ್ಟನ್ನೂ ಬಚ್ಚಲೊಲೆಗೆ ತುರುಕಿದರು. ಆ ದಿನ ಮನೆಯವರೆಲ್ಲ ಆ ನೀರಲ್ಲೇ ಮಿಂದೆವು.

ಕೆಲವು ತಿಂಗಳ ಮೇಲೆ ರಾಜಕ್ಕನ ಲಿಂಗಪೂಜೆ ಉದ್ದವಾಗತೊಡಗಿತು. ಮಿಂದು, ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸದೆ ನಮ್ಮಲ್ಲಿ ಯಾರೂ ತಿನ್ನುವುದಿಲ್ಲ. ಆದರೆ ಹೆಂಗಸರಿಗೆ ಪುರುಸೊತ್ತೆಲ್ಲಿ? ಅತ್ತೆಯಂತೂ ಹಾಲು ಉಕ್ಕುವ ಮೊದಲೇ ಮುಗಿಸಿ ಎದ್ದುಬಿಡುತ್ತಿದ್ದರು. ಈ ಮಹಾತಾಯಿ ಮಾತ್ರ ಪೂಜೆಯ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರೆ ಬಿಸಿಲು ಅಂಗಳಕ್ಕೆ ಬಂದರೂ ಹೊರಗೆ ಬರುತ್ತಿರಲಿಲ್ಲ. ಒಳಗಿನಿಂದ ಮಣಮಣ ದನಿ. ಪೂಜೆಗೆ ಕೂತವರನ್ನು ಕರೆಯುವಂತಿಲ್ಲ, ಹತ್ತಿರದಲ್ಲಿ ಗಲಾಟೆ ಮಾಡುವಂತಿಲ್ಲ. ರೊಟ್ಟಿ ತಟ್ಟುವ ಕೆಲಸ ಪೂರಾ ನನ್ನ ತಲೆಗೆ ಬಂತು. ಪುಣ್ಯ ಅವಳಿಗೆ, ಹೊಗೆ ನನಗೆ ಎಂದು ದಿನಾ ಬೈದುಕೊಂಡಿದ್ದೇನೆ.

ಮಾವನಿಗೆ ಇಕ್ಕಟ್ಟಾಯಿತು. ಬಾಯಿ ತೆರೆದರೆ ಲಿಂಗಪೂಜೆಗೆ ಭಂಗ. ಮೊದಮೊದಲು ಹಲ್ಲು ಕಚ್ಚಿಕೊಂಡು ಅಂಗಳದಲ್ಲಿ ಓಡಾಡಿದರು. ಆಮೇಲೆ ಬಾಗಿಲ ಹೊರಗೆ ಚಾಪೆ ಹಾಕಿ, ತಾವೂ ಲಿಂಗ ಹಿಡಿದು ಕೂತರು. ಮೊದಲ ದಿನಗಳಲ್ಲಿ ಬರೀ ಚಡಪಡಿಕೆ. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಮನಸ್ಸು ಪೂಜೆಯಲ್ಲಿ ನಿಂತೇಬಿಟ್ಟಿತು. ಆರಿದ ರೊಟ್ಟಿಯನ್ನೂ ತಿಂದರು. ಮಂಡಿಯಲ್ಲಿ ಹಮಾಲರನ್ನು ಬೈಯುವುದೂ ಕಡಿಮೆಯಾಯಿತಂತೆ. "ಎಂಥಾ ಭಕ್ತಿ ನಮ್ಮ ರಾಜಮ್ಮಂದು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಜ್ವರ ಬಂದ ಮಕ್ಕಳನ್ನು ಹೊತ್ತುಕೊಂಡು ಓಣಿಯ ಹೆಂಗಸರು ಅವಳ ಕೈಯ ವಿಭೂತಿಗೆ ಬರತೊಡಗಿದರು.

ಒಂದು ದಿನ ಪೂಜೆಯ ಕೋಣೆ ಗುಡಿಸುವಾಗ ಚಾಪೆಯಡಿ ನನಗೆ ಬೀಜಗಣಿತದ ಪುಸ್ತಕ ಸಿಕ್ಕಿತು. ಕಲ್ಲಪ್ಪ ಭಾವ ಭದ್ರಾವತಿಯಿಂದ ಕದ್ದುಮುಚ್ಚಿ ತಂದುಕೊಟ್ಟಿದ್ದರಂತೆ. ನನ್ನ ಮೈಯೆಲ್ಲ ಉರಿಯಿತು. ದೇವರಿಗಾದರೆ ಕೈ ಸುಟ್ಟುಕೊಳ್ಳಬಹುದು, ಎಕ್ಸ್ ವೈಗಳಿಗೆ ಯಾಕೆ?

"ಇದಕ್ಕಾ ನಾನು ಒಲೆ ಮುಂದೆ ಸಾಯ್ತಿರೋದು ಮಾರಾಯ್ತಿ?" ಎಂದೆ.

ಅವಳು ಅಳಲಿಲ್ಲ. "ಮೊದ್ಲು ಪೂಜೆ ಮಾಡ್ತೀನಿ, ಆಮೇಲೆ ದಿನಾ ಒಂದೇ ಪಾಠ. ಈಗೀಗ ಪುಸ್ತಕ ಮುಚ್ಚಿದ್ರೂ ಏಳಕ್ಕೆ ಮನಸ್ಸು ಬರಲ್ಲ ಕಣೇ. ಯಾವುದು ಪೂಜೆ, ಯಾವುದು ಓದು ನಂಗೇ ತಿಳೀತಿಲ್ಲ. ಆ ಮಕ್ಕಳ ಹಣೆಗೆ ವಿಭೂತಿ ಹಚ್ಚೋವಾಗ ಮಾತ್ರ ಶಿವಾ ತಪ್ಪಾಯ್ತು ಅಂತೀನಿ" ಎಂದಳು. ನಾನು ಪುಸ್ತಕವನ್ನು ಚಾಪೆಯಡಿಗೇ ತಳ್ಳಿದೆ.

ಪರೀಕ್ಷೆ ಹತ್ತಿರ ಬಂತು. ಭಾವ ಅರ್ಜಿಯನ್ನೇನೋ ಹಾಕಿದ್ದರು, ಅಪ್ಪನೆದುರು ಬಾಯಿ ಬಿಡಲು ಧೈರ್ಯವಿರಲಿಲ್ಲ. ದಿನಾ ಹೋಗಿ ಬರೆದು ಬರಬೇಕು, ಹೇಳದೆ ಹೊಸ್ತಿಲು ದಾಟುವುದು ಹೇಗೆ? ತಾನೇ ಹೇಳುತ್ತೇನೆ ಎಂದು ರಾಜಕ್ಕ ಹೊರಟಾಗ ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು.

"ಬೇಡ ಕಣವ್ವಾ. ಈ ಮನೇಗೆ ಬಂದಾಗಿಂದ ಹೆದರ್ಕೊಂಡೇ ಉಂಡಿದ್ದೀನಿ. ನೀನು ಒಳಗೆ ಕೂತ ಮೇಲೆ ನನ್ನ ಬಳೆ ಸದ್ದು ನಂಗೇ ಕೇಳಿಸ್ತಿದೆ. ಅದನ್ನ ಕಿತ್ಕೋಬೇಡ."

ಯಾರ ಕಡೆ ನಿಲ್ಲಬೇಕು ನಾನು? ಓದಿದವಳು ಪರೀಕ್ಷೆ ಬರೆಯಬೇಕು, ಅದು ನ್ಯಾಯ. ಬಳೆಯ ಸದ್ದು ಕೇಳಬೇಕು, ಅದೂ ನ್ಯಾಯ. ನನಗೆ ಸಂಕಟವಾಯಿತು, ಜೊತೆಗೆ ಇಬ್ಬರ ಮೇಲೂ ಸಿಟ್ಟು ಬಂತು.

ಪರೀಕ್ಷೆಯ ಹಿಂದಿನ ದಿನ ರಾಜಕ್ಕ ಎಂದಿಗಿಂತ ಬೇಗ ಅಗುಳಿ ತೆಗೆದಳು. ಮಾವ ಹೊರಗೆ ಕಣ್ಣು ಮುಚ್ಚಿ ಕೂತಿದ್ದರು, ಅಂಗೈಯಲ್ಲಿ ಲಿಂಗ. ಅವರೆದುರು ಪುಸ್ತಕ ಇಟ್ಟು, "ಮಾವಾ, ಒಳಗೆ ದಿನಾ ಓದ್ತಿದ್ದೆ. ನಾಳೆ ಪರೀಕ್ಷೆಗೆ ಹೋಗ್ತೀನಿ" ಎಂದಳು. ಅವರ ಮುಖ ಕೆಂಡವಾಯಿತು. ಆದರೆ ಲಿಂಗ ಕೈಯಲ್ಲಿರುವಾಗ ಕೂಗುವುದೆಲ್ಲಿ, ಎಸೆಯುವುದೆಲ್ಲಿ? ಅವಳು ಬೇಕೆಂದೇ ಆ ಗಳಿಗೆ ಆರಿಸಿಕೊಂಡಳೋ, ತಡೆಯಲಾರದೆ ಹೇಳಿದಳೋ, ಅದೂ ನನಗೆ ಗೊತ್ತಿಲ್ಲ. ಮಾವ ಪೂಜೆ ಮುಗಿಸಿ, ಊಟ ಮುಟ್ಟದೆ ಮಂಡಿಗೆ ಹೋದರು.

ಮರುದಿನ ಓಣಿಯೇ ಬೆಚ್ಚುವ ಹಾಗೆ ಮಾವನ ಗಂಟಲು ತೆರೆಯಿತು. "ಪರೀಕ್ಷೆಗೆ ಹೋಗೋಳಿಗೆ ರೊಟ್ಟಿ ಎಲ್ರೇ? ಹೊತ್ತಾಗ್ತಿರೋದು ಕಣ್ಣಿಗೆ ಕಾಣ್ಸಲ್ವಾ?" ರಾಜಕ್ಕ ರೊಟ್ಟಿಯನ್ನು ನಿಂತೇ ನುಂಗಿ ಓಡಿದಳು. ನನಗೆ ನಗು ಬಂತು. ತಿರುಗಿ ನೋಡಿದರೆ ಅತ್ತೆ ಸದ್ದಾಗದಂತೆ ಬಳೆಗಳನ್ನು ಮೇಲೇರಿಸಿಕೊಳ್ಳುತ್ತಿದ್ದರು.

ರಾಜಕ್ಕ ಪಾಸಾದಳು, ಮುಂದೆ ಹೊಳೆಹೊನ್ನೂರಿನಲ್ಲಿ ಮೇಡಂ ಕೂಡ ಆದಳು. ಅದೆಲ್ಲ ಆಮೇಲಿನ ಮಾತು. ನನ್ನ ಕಣ್ಣಿಗೆ ಕಟ್ಟಿರುವುದು ಪರೀಕ್ಷೆಯ ಎರಡನೇ ದಿನ. ರಾಜಕ್ಕ ಹೋದ ಮೇಲೂ ಮಾವನ ಕೂಗು ನಿಲ್ಲಲಿಲ್ಲ. ಹಳೆಯದೆಲ್ಲ ವಾಪಸು ಬಂತು, ನೀರು, ಉಪ್ಪು, ತಟ್ಟೆ. ಅತ್ತೆ ಆ ತಟ್ಟೆಯನ್ನು ಅಂಗಳದಿಂದ ಎತ್ತಿ ತಂದವರು ತೊಳೆಯಲಿಲ್ಲ. ನನ್ನ ಕೈಗೆ ಕೊಟ್ಟು, ಪೂಜೆಯ ಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು.

ಮಾವ ಬಾಗಿಲ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು: "ಜಗದಾಂಬಾ, ನಿಮ್ಮತ್ತೆ ಒಳಗೆ ಏನ್ ಮಾಡ್ತಿದ್ದಾಳೆ?"

"ಪೂಜೆ, ಮಾವಾ" ಎಂದೆ.

ಅತ್ತೆಗೆ ಓದಲು ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮಾವ ಚಾಪೆ ಹಾಸಿಕೊಂಡು ಬಾಗಿಲ ಹೊರಗೆ ಕೂತರು.