ಕೇರಿಗೊಬ್ಬಳು ಮನೆಯಲ್ಲಿರುವ ತಾಯಿ

ಸ್ನೇಹಿತರೇ, ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಇವತ್ತಿನಿಂದ ನಾನು ಒಳ್ಳೆಯ ತಾಯಿ.

ಬೆಳಗ್ಗೆ ಪಟೇಲರು ನಾನು ಪಾಠ ಹೇಳುವ ಹೆಣ್ಣುಮಕ್ಕಳ ಶಾಲೆಗೆ ಬಂದರು. ಶಾಲೆ ನಡೆಯುವ ಪಡಸಾಲೆ ಅವರದು, ನನ್ನ ಸಂಬಳವೂ ಅವರದೇ. ಮೂಲೆಯ ಜೋಳಿಗೆ ತೊಟ್ಟಿಲಲ್ಲಿ ಮಲಗಿದ್ದ ನನ್ನ ಎಳೆಗೂಸನ್ನು ಕಂಡು ಅವರ ಕರುಳು ಚುರ್ ಅಂದಿತಂತೆ.

"ಅಕ್ಕೋರೇ, ಪರದೇಶದಾಗೆ ಯುದ್ಧ ಅಂತ ಹೆಂಗಸರು ದುಡಿಯಾಕೆ ಹೊಂಟು ಲೋಕ ಕೆಟ್ಟೈತೆ, ನೀವೂ ಕೆಡಬ್ಯಾಡ್ರಿ. ಹೆತ್ತ ತಾಯಿ ಹೊರಗೆ ದುಡಿಯಾಕೆ ಹೋಗಬಾರದು. ಮನ್ಯಾಗಿರ್ರಿ. ಬ್ಯಾರೆ ಮೇಷ್ಟ್ರನ್ನ ಕರಸ್ತೀನಿ."

ಕೂಸನ್ನೆತ್ತಿಕೊಂಡು ಮನೆಗೆ ಬಂದೆ. ಎಸರಿಟ್ಟು ಇನ್ನೇನು ಆದರ್ಶ ತಾಯಿಯಾಗಬೇಕು, ಅಷ್ಟರಲ್ಲಿ ಪಟೇಲರ ಸೊಸೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಳು.

"ಅಕ್ಕೋರು ಇನ್ನ ಮನ್ಯಾಗೇ ಇರ್ತಾರೆ ಅಂತ ಮಾವಾರು ಹೇಳಿದ್ರು. ಮೋಡ ಆಗೈತ್ರಿ, ಮಳೆ ಬರೋದ್ರೊಳಗೆ ಹತ್ತಿ ಬಿಡಸಬೇಕು. ಸಂಜಿ ತನಕ ಇವನ್ನ ನೋಡ್ಕಳ್ರಿ."

"ಹೆತ್ತ ತಾಯಿ ನೀನು. ಹೊಲಕ್ಕೆ ಹೋದರೆ ಅದು ಹೊರಗಿನ ದುಡಿಮೆ ಅಲ್ಲವಾ?" ಎಂದೆ.

"ಅದು ನಮ್ಮ ಹೊಲ ಅಲ್ಲೇನ್ರಿ," ಎಂದಳು, ನನ್ನ ದಡ್ಡತನಕ್ಕೆ ಮರುಗುತ್ತಾ.

ಅವಳ ಹಿಂದೆಯೇ, ಅದೇ ಹೊಲಕ್ಕೆ ಕೂಲಿಗೆ ಹೊರಟ ಹೆಂಗಸರು ತಂತಮ್ಮ ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. "ನಿಮಗೂ ಅದು ನಿಮ್ಮ ಹೊಲವಾ?" ಎಂದು ಕೇಳಿದೆ. "ಪಟೇಲರೇ ಕರೆದಾರೆ ರೀ," ಎಂದು ಒಬ್ಬಳು ತನ್ನ ಮಗುವನ್ನು ನನ್ನ ಮಡಿಲಿಗೆ ಹಾಕಿ ನಡೆದಳು.

ಈಗ ಸಂಜೆ. ಇನ್ನೂ ಯಾರೂ ಬಂದಿಲ್ಲ, ಎಸರು ಆರಿಹೋಗಿದೆ. ಸಂಬಳವಿದ್ದಾಗ ನನ್ನ ಒಂದು ಕೂಸಿಗೂ ನಾನು ಸರಿಯಾದ ತಾಯಿಯಾಗಿರಲಿಲ್ಲ. ಸಂಬಳ ಹೋದದ್ದೇ ತಡ, ಇಡೀ ಕೇರಿಗೆ ತಾಯಿಯಾಗಿದ್ದೇನೆ.