ಕಳಸಗಿತ್ತಿಯ ಮೆಡಿಕಲ್ ಸೀಟು

ನನ್ನ ನಾದಿನಿ ಶಿಲ್ಪಳಿಗೆ ಪಿಯುಸಿಯಲ್ಲಿ ಬಯಾಲಜಿಗೆ ತೊಂಬತ್ತೊಂದು, ಫಿಸಿಕ್ಸ್‌ಗೆ ಹತ್ತೊಂಬತ್ತು. ಕೇಳಿದವರೆಲ್ಲ "ಇದೇನಮ್ಮ ಹಿಂಗೆ?" ಎಂದು ನಗುತ್ತಾರೆ. ಅವರ ಬಾಯಿಗೆ ಬೀಗ ಜಡಿಯಬೇಕು ಅನ್ನಿಸುತ್ತದೆ ನನಗೆ. ಆ ಹತ್ತೊಂಬತ್ತು ಬಂದದ್ದು ನನ್ನ ಮದುವೆಯ ದೆಸೆಯಿಂದ.

ಮದುವೆ ಭಾನುವಾರ, ಅವಳ ಫಿಸಿಕ್ಸ್ ಪರೀಕ್ಷೆ ಸೋಮವಾರ. ಮನೆಯಲ್ಲೊಂದು ಹುಡುಗಿ ಪರೀಕ್ಷೆಗೆ ಕೂತಿದ್ದಾಳೆ ಎಂಬುದು ಮುಹೂರ್ತ ಇಟ್ಟ ಯಾವ ಪುಣ್ಯಾತ್ಮನಿಗೂ ನೆನಪಾಗಲಿಲ್ಲ. ಗಂಡಿನ ತಂಗಿ ಅಂದಮೇಲೆ ಕಳಸಗಿತ್ತಿ ಅವಳೇ. ಚಪ್ಪರದ ದಿನದಿಂದ ಧಾರೆಯ ತನಕ ಕಳಸ ಹಿಡಿದು ನಿಂತದ್ದೇ ನಿಂತದ್ದು. ರಾಜಾನುಕುಂಟೆಯಿಂದ ಬಂದ ಹೊಸ ಹೆಣ್ಣು ನಾನು, ನನಗೇನು ಗೊತ್ತು? ಹುಡುಗಿಯ ಕಣ್ಣು ಕೆಂಪಾಗಿದ್ದದ್ದು ಹೋಮದ ಹೊಗೆಗೆ ಅಂದುಕೊಂಡಿದ್ದೆ.

ಸಂಜೆ ಅಲ್ಲಾಳಸಂದ್ರದ ಈ ಮನೆಗೆ ನನ್ನನ್ನು ತುಂಬಿಸಿಕೊಳ್ಳುವಾಗ ಅವಳು ಬಾಗಿಲು ತಡೆದಳು. ಅದು ನಮ್ಮಲ್ಲಿ ತಂಗಿಯ ಹಕ್ಕು. ಅವಳು ಕೇಳಿದ್ದಕ್ಕೆ ಅಣ್ಣ ಹೂಂ ಅನ್ನದೆ ಒಳಗೆ ಕಾಲಿಡುವ ಹಾಗಿಲ್ಲ. "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಎಂದು ಕೇಳುವುದು ವಾಡಿಕೆ. ಎಲ್ಲರೂ ನಗಲು ಕಾದಿದ್ದರು. ಶಿಲ್ಪ ಎರಡೂ ಕೈ ಅಡ್ಡ ಚಾಚಿ, "ನನ್ನ ಡಾಕ್ಟ್ರು ಓದಿಸ್ತೀಯೇನಣ್ಣ?" ಅಂದಳು.

"ಊಂ, ಓದಿಸ್ತೀನಿ. ದಾರಿ ಬಿಡು, ಒಟ್ಟೆ ಅಸೀತೈತೆ" ಅಂದರು ನನ್ನ ಗಂಡ ಮುನಿರಾಜು. ನಾನು ಸೇರು ಒದ್ದು ಒಳಗೆ ಬಂದೆ. ಮಾರನೆಯ ದಿನ ಅವಳು ತೂಕಡಿಸುತ್ತಲೇ ಹೋಗಿ ಪರೀಕ್ಷೆ ಬರೆದು ಬಂದಳು.

ಸಪ್ಲಿಮೆಂಟರಿಯಲ್ಲಿ ಪಾಸಾಗುವಷ್ಟರಲ್ಲಿ ಆ ವರ್ಷದ ಸೀಟುಗಳ ಕಥೆ ಮುಗಿದಿತ್ತು. "ಒಂದ್ ಸಬ್ಜೆಕ್ಟ್ ತಾನೆ, ಅದೇನ್ ಮಹಾ" ಅಂದರು ನಮ್ಮ ಯಜಮಾನರು. ಡಯಾಲಿಸಿಸ್ ಡಿಪ್ಲೊಮಾಗೆ ಸೇರಿಸಿದರು. ಮುಗಿದ ಕೂಡಲೇ ಮದುವೆ ಮಾಡಿದರು. ಕುಡಿದು ಕೈ ಎತ್ತುವವನನ್ನು ಮೂರೇ ವರ್ಷಕ್ಕೆ ಬಿಟ್ಟು ಬಂದವಳು ಇವಳು, ಆದರೆ ಊರಿನವರ ಬಾಯಲ್ಲಿ ಗಂಡ ಬಿಟ್ಟವಳು! ಥೂ, ಅವರ ನಾಲಿಗೆಗಿಷ್ಟು.

ಹೆಬ್ಬಾಳದ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಕೆಲಸ ಹಿಡಿದಳು. ನೀಟ್ ಬರೆಯಲು ವಯಸ್ಸಿನ ಮಿತಿ ಇಲ್ಲ ಎಂದು ಯಾರೋ ಹೇಳಿದ ದಿನ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ನನಗೆ ಹೇಳಿದಳು. ಯಲಹಂಕ ನ್ಯೂ ಟೌನಿನ ಕೋಚಿಂಗಿಗೆ ಹೋದರೆ ಅಲ್ಲಿ ಕೂತಿದ್ದವಳು, "ಮಗಳಿಗಾ ಮೇಡಂ?" ಅಂತ ಕೇಳಬೇಕೆ! ಪಕ್ಕದ ಬೆಂಚಿನ ಮಕ್ಕಳು ಆಂಟಿ ಅನ್ನುತ್ತಿದ್ದವು. ಅವಳು ಅಲ್ಲಾಡಲಿಲ್ಲ. ಮೂರನೆಯ ಸಲ, ಮೂವತ್ತಮೂರನೆಯ ವಯಸ್ಸಿನಲ್ಲಿ, ಸರ್ಕಾರಿ ಸೀಟು ಸಿಗುವಷ್ಟು ಅಂಕ ಬಂತು. ಬೆಂಗಳೂರಿನಲ್ಲಿ ಸಿಗುವಷ್ಟಲ್ಲ. ಯಾದಗಿರಿ, ಕೊಪ್ಪಳ, ಬೀದರ್ ಕಡೆ ಸಿಗುವಷ್ಟು.

ಯಾವ ಯಾವ ಕಾಲೇಜು ಬೇಕು ಎಂದು ಆನ್‌ಲೈನಿನಲ್ಲಿ ಸಾಲಾಗಿ ಹಾಕಬೇಕು. ಸಾಲಿನಲ್ಲಿ ಇಲ್ಲದ ಕಾಲೇಜು ಸಿಗುವುದಿಲ್ಲ. ನಮ್ಮ ಬೀದಿಯ ಸುನೀಲನ ಸೈಬರ್ ಸೆಂಟರಿನಲ್ಲಿ ಕೂತು ಬೆಂಗಳೂರಿನವನ್ನೂ ದೂರದ ಊರುಗಳವನ್ನೂ ಎಲ್ಲ ಹಾಕಿ ಬಂದಳು. ಡಯಾಲಿಸಿಸ್ ಹಾಲಿನಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕೇ ಅರ್ಜಿಗೆ ಅಣ್ಣನ ನಂಬರ್ ಕೊಟ್ಟಿದ್ದಳು. ಅಣ್ಣನಲ್ಲವೇ, ನಂಬಿದಳು.

ನಿಜವಾದ ಹಂಚಿಕೆಗೆ ಮುಂಚೆ, ಸುಮ್ಮನೆ ನೋಡಿಕೊಳ್ಳಲಿ ಎಂದು ಅಣಕು ಹಂಚಿಕೆ ಬಿಡುತ್ತಾರೆ. ಅದರಲ್ಲಿ ಶಿಲ್ಪಳಿಗೆ ಏನೂ ಇರಲಿಲ್ಲ. ಅವಳಿಗಿಂತ ಹಿಂದಿನ ರ‍್ಯಾಂಕಿನ ಹುಡುಗನಿಗೆ ಯಾದಗಿರಿ ಸಿಕ್ಕಿತ್ತು. ನಾನೂ ಅವಳೂ ಸುನೀಲನ ಹತ್ತಿರ ಓಡಿದೆವು. ಸಾಲು ತೆಗೆದರೆ ಇದ್ದದ್ದು ಬೆಂಗಳೂರಿನ ಕಾಲೇಜುಗಳು ಮಾತ್ರ.

"ಬೈಬೇಡಿ ಅಕ್ಕ" ಅಂದ ಸುನೀಲ್. "ಮುನಿರಾಜಣ್ಣ ಬಂದು ದೂರದ್ದೆಲ್ಲ ತೆಗ್ಸಿದ್ರು. ಓಟಿಪಿನೂ ಅವರ ಫೋನಿಗೇ ಬಂತು. ನಿಮ್ಗೆಲ್ಲ ಗೊತ್ತು ಅಂದ್ಕೊಂಡೆ. ನಾಳೆ ಮಧ್ಯಾಹ್ನದವರೆಗೂ ಬದಲಾಯಿಸ್ಬೋದು, ಆಮೇಲೆ ಆಗಲ್ಲ."

ಸಂಜೆ ಕೇಳಿದರೆ ಮಹಾರಾಯರು ಮುಚ್ಚಿಡಲೂ ಇಲ್ಲ. "ಊಂ, ನಾನೇ ತೆಗೆಸ್ದೆ. ಯಾದಗಿರಿಗ್ಯಾಕೆ ಓಗ್ಬೇಕು? ಇಡೀ ದೇಶಾನೇ ಕೆಲ್ಸ ಉಡ್ಕೊಂಡು ನಮ್ಮೂರಿಗೆ ಬರ್ತೈತೆ, ಇವ್ಳು ಇಲ್ಲಿಂದ ಓಗ್ತಾಳಂತೆ! ಬೆಂಗ್ಳೂರಲ್ಲಿ ಇಷ್ಟೊಂದ್ ಕಾಲೇಜವೆ, ಒಂದ್ ಸೀಟ್ ಕೊಡಲ್ವಾ? ಕೊಡ್ಲಿಲ್ಲ ಅಂದ್ರೆ ಮುಂದಿನ್ ವರ್ಷ ಬರೀಲಿ. ಅದೇನ್ ಮಹಾ."

ಮೋಸ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಈ ಮನುಷ್ಯ ಅದನ್ನು ನಿಜವಾಗಿ ನಂಬಿದ್ದರು, ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಇವರ ಹೊಲವಿದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿವೆ. ಇವರು ದಿನಾ ಟ್ಯಾಂಕರ್‌ನಲ್ಲಿ ಅಲ್ಲಿಗೆ ನೀರು ಹಾಕಿ ಬರುತ್ತಾರೆ. ಊರೇ ಹೊಸ್ತಿಲ ತನಕ ನಡೆದುಕೊಂಡು ಬಂತು, ಈ ವಂಶದಲ್ಲಿ ಯಾರಿಗೂ ಯಾವುದಕ್ಕೂ ಎದ್ದು ಹೋಗಿ ಗೊತ್ತಿಲ್ಲ. ಆ ನೀರು ಕುಡಿಯುವ ಜನ ತಮ್ಮ ಊರು ಬಿಟ್ಟು ಹೇಗೆ ಬಂದರು ಎಂದು ಒಂದು ದಿನವಾದರೂ ಕೇಳಿದ್ದಾರೆಯೇ? ಅಷ್ಟು ಯಾಕೆ, ನಾನು ಊರು ಬಿಟ್ಟು ಬಂದಾಗ ಯಾರೂ ಯಾಕೆ ಅನ್ನಲಿಲ್ಲ. ಮದುವೆಗಾದರೆ ಹೆಣ್ಣು ಊರು ಬಿಡಬಹುದು, ಓದುವುದಕ್ಕೆ ಬಿಡಬಾರದು. ಚೆನ್ನಾಗಿದೆ ನ್ಯಾಯ!

ಮಾರನೆಯ ಬೆಳಿಗ್ಗೆ ಶಿಲ್ಪ ರಜೆ ಹಾಕಿ, ನನ್ನ ಮಗಳು ಮೋನಿಷಾಳ ಲ್ಯಾಪ್‌ಟಾಪ್ ತೆರೆದು ಹಾಲಿನಲ್ಲಿ ಕೂತಳು. ಓಟಿಪಿ ಅಣ್ಣನ ಫೋನಿಗೇ ಬರಬೇಕು. ಫೋನ್ ಅವರ ಅಂಗಿಯ ಜೇಬಿನಲ್ಲಿತ್ತು, ಅವರು ಟ್ಯಾಂಕರ್ ಬೀಗದ ಕೈ ಹಿಡಿದು ಹೊರಟಿದ್ದರು. ನಾನು ಹೋಗಿ ಬಾಗಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನಿಂತೆ.

"ಏನೇ ಇದು? ದಾರಿ ಬಿಡು, ಟ್ಯಾಂಕರ್ ಕಾಯ್ತೈತೆ."

"ಕಾಯ್ಲಿ."

"ಮಧು, ಜನ ನೋಡ್ತಾವ್ರೆ."

"ನೋಡ್ಲಿ. ಅವತ್ತೂ ನೋಡಿದ್ರು. ಇದೇ ಬಾಗ್ಲಲ್ಲಿ ತಂಗಿಗೆ ಏನ್ ಹೇಳಿದ್ರಿ, ಅದನ್ನ ಇನ್ನೊಂದ್ಸಲ ಹೇಳಿ."

ಅವರಿಗೆ ನೆನಪಿತ್ತು. ಮುಖ ಕಪ್ಪಿಟ್ಟಿತು. "ಅದು ಶಾಸ್ತ್ರಕ್ಕೆ ಏಳಿದ್ದು ಕಣೇ!"

ಶಾಸ್ತ್ರಕ್ಕಂತೆ! ಹದಿನಾರು ವರ್ಷದ ಸಿಟ್ಟು ನೆತ್ತಿಗೇರಿತು. "ಅವಳು ಕಳಸ ಹಿಡಿದಿದ್ದೂ ಶಾಸ್ತ್ರಕ್ಕೇ. ಅವಳ ಪರೀಕ್ಷೆ ನಿಜವಾಗ್ಲೂ ಹೋಯ್ತಲ್ಲ? ನಿಮಗೆ ಬೇಕಾದಾಗ ಶಾಸ್ತ್ರ ನಿಜ, ಅವಳಿಗೆ ಬೇಕಾದಾಗ ಬರೀ ಶಾಸ್ತ್ರವೇನ್ರೀ? ಇವತ್ತು ಹೂಂ ಅನ್ನದೆ ನೀವು ಈ ಹೊಸ್ತಿಲು ಹೇಗೆ ದಾಟ್ತೀರೋ ನಾನೂ ನೋಡ್ತೀನಿ."

ಮೂಲೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ಮಾರಕ್ಕ ತಲೆ ಎತ್ತಿದರು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ. "ನೀನು ಊಂ ಅಂದಿದ್ದು ನಿಜ ಕಣ್ಲಾ ಮುನಿಯಾ" ಅಂದರು. "ನಾನೂ ಆರತಿ ತಟ್ಟೆ ಇಡ್ಕೊಂಡು ಅಲ್ಲೇ ನಿಂತಿದ್ದೆ. ಬಾಗ್ಲಲ್ಲಿ ಕೊಟ್ಟ ಮಾತ್ನ ನುಂಗ್ಕೋಬ್ಯಾಡ."

ಅಷ್ಟರಲ್ಲಿ ಜೇಬಿನ ಫೋನ್ ಟಿಣ್ ಅಂದಿತು.

"ಓಟಿಪಿ ಬಂತು, ಹೇಳಣ್ಣ" ಅಂದಳು ಶಿಲ್ಪ. ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಕೈ ಲ್ಯಾಪ್‌ಟಾಪಿನ ಮೇಲೇ ಇತ್ತು.

ಅವರು ಅಮ್ಮನ ಮುಖ ನೋಡಿದರು, ನನ್ನ ಕೈ ನೋಡಿದರು. ನಾನು ಕೈ ಇಳಿಸಲಿಲ್ಲ. ಕೊನೆಗೆ ಫೋನ್ ತೆಗೆದು ಒಂದೊಂದೇ ಅಂಕಿ ಹೇಳಿದರು. ನಡುವೆ ತಪ್ಪಿದರು. "ಮೊದಲಿಂದ ಹೇಳು" ಅಂದಳು, ಮೊದಲಿಂದ ಹೇಳಿದರು. ಅವಳು ಯಾದಗಿರಿ, ಕೊಪ್ಪಳ, ಬೀದರ್ ಎಲ್ಲವನ್ನೂ ಮತ್ತೆ ಸಾಲಿಗೆ ಸೇರಿಸಿ, ಸೇವ್ ಮಾಡಿ, "ಆಯ್ತು ಅತ್ತಿಗೆ" ಅಂದಮೇಲೆ ನಾನು ದಾರಿ ಬಿಟ್ಟೆ.

ಯಾದಗಿರಿಯೇ ಸಿಕ್ಕಿತು.

ಸಿಕ್ಕಿದ್ದೇ ತಡ, ನಮ್ಮ ಯಜಮಾನರು ಊರೆಲ್ಲ ಹೇಳಿಕೊಂಡು ಬಂದರು. "ನಮ್ ಶಿಲ್ಪ ಡಾಕ್ಟ್ರಾಗ್ತಾವ್ಳೆ. ನಾನೇ ಓದಿಸ್ತಿರೋದು." ನಾನು ಹಲ್ಲು ಕಚ್ಚಿಕೊಂಡಿದ್ದೆ. ಅವಳು ಬಟ್ಟೆ ಮಡಿಸಿ ಟ್ರಂಕಿಗೆ ತುಂಬಿದಳು.

ಯಲಹಂಕ ಸ್ಟೇಷನ್ನಿಗೆ ಎಲ್ಲರೂ ಹೋದೆವು. ಅತ್ತೆ ಎರಡು ಸೇರು ರಾಗಿ ಹಿಟ್ಟು ಕಟ್ಟಿ ತಂದಿದ್ದರು. ರೈಲು ಬಂತು. ನಮ್ಮ ಯಜಮಾನರು ಮುಂದೆ ನುಗ್ಗಿ ಟ್ರಂಕಿಗೆ ಕೈ ಹಾಕಿದರು. "ತತ್ತಾ, ನಾನ್ ಅತ್ತಿಸ್ತೀನಿ. ಭಾರ ಐತೆ."

ಶಿಲ್ಪ ಅವರ ಕೈಯಿಂದ ಟ್ರಂಕು ಬಿಡಿಸಿಕೊಂಡಳು.

"ಬಿಡಣ್ಣ. ನಿನ್ ಮದ್ವೇಲಿ ಕಳಸ ಹಿಡ್ಕೊಂಡು ನಿಂತೋಳು ನಾನು. ಭಾರ ಅಭ್ಯಾಸ ಐತೆ."

ತಾನೇ ಎತ್ತಿಕೊಂಡು ಹತ್ತಿದಳು. ರೈಲು ಹೋದಮೇಲೂ ಅವರು ಬರಿಗೈಯಲ್ಲಿ ಅಲ್ಲೇ ನಿಂತಿದ್ದರು, ನಾನೇನಾದರೂ ಹೇಳುತ್ತೇನೇನೋ ಎಂದು ನನ್ನ ಕಡೆ ನೋಡಿದರು. ನಾನು ಅತ್ತೆಯ ಕೈ ಹಿಡಿದುಕೊಂಡು ಮನೆ ಕಡೆ ನಡೆದೆ.